ಮೀಟರ್ ಮುಳ್ಳು ಏಳದಿದ್ದರೆ ಆಂಟೆನಾ ಚೆನ್ನಾಗಿದೆಯೇ?

ಹ್ಯಾಮ್ ರೇಡಿಯೊ ಬಳಸುವವರ ಮೇಜಿನ ಮೇಲೆ ಟ್ರಾನ್ಸ್‌ಮಿಟರ್ ಪಕ್ಕದಲ್ಲೇ ಎಸ್‌ಡಬ್ಲ್ಯುಆರ್ ಮೀಟರ್ ಇರುತ್ತದೆ. ಆಂಟೆನಾದ ಕಡೆಗೆ ಹೊರಟ ಫಾರ್ವರ್ಡ್ ಪವರ್ ಎಷ್ಟು, ವಾಪಸು ಬಂದ ರಿಫ್ಲೆಕ್ಟೆಡ್ ಪವರ್ ಎಷ್ಟು ಎಂದು ಅದು ತೋರಿಸುತ್ತದೆ. ಇವೆರಡರಿಂದ ಸಿಗುವ ಅಂಕಿಯೇ ಎಸ್‌ಡಬ್ಲ್ಯುಆರ್ (ಸ್ಟ್ಯಾಂಡಿಂಗ್ ವೇವ್ ರೇಷಿಯೊ): ಏನೂ ವಾಪಸು ಬರದಿದ್ದರೆ ಅದು 1, ವಾಪಸು ಬಂದಷ್ಟೂ ಹೆಚ್ಚು. ಆದರೆ ಆ ಮೀಟರ್ ಬಲ್ಲದ್ದು ತಾನು ಕೂತ ಜಾಗದ ಸುದ್ದಿಯನ್ನು ಮಾತ್ರ. ಆಂಟೆನಾಕ್ಕೂ ಅದಕ್ಕೂ ನಡುವೆ ಪವರ್ ನುಂಗುವ ಕೇಬಲ್ ಇದ್ದರೆ ಓದುವವರ ಲೆಕ್ಕವೇ ತಪ್ಪುತ್ತದೆ.

ತಪ್ಪು ಕಲ್ಪನೆ 1: ಎಸ್‌ಡಬ್ಲ್ಯುಆರ್ ಕಡಿಮೆ ಇದ್ದರೆ ಆಂಟೆನಾ ಸರಿಯಾಗಿದೆ.

ಸತ್ಯ: ಕೇಬಲ್ ಕೆಟ್ಟಷ್ಟೂ ಮೀಟರ್ ಒಳ್ಳೆಯ ಅಂಕಿ ತೋರಿಸುತ್ತದೆ. ನಮ್ಮ 144–146 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ 30 ಮೀಟರ್ ಆರ್‌ಜಿ-58 ಕೇಬಲ್‌ನ ನಷ್ಟ ಸುಮಾರು 6 ಡೆಸಿಬೆಲ್. ಅಂದರೆ ಕೆಳಗಿನಿಂದ 50 ವ್ಯಾಟ್ ಕಳಿಸಿದರೆ ಮೇಲೆ ಮುಟ್ಟುವುದು ಕಾಲು ಭಾಗ, 12.5 ವ್ಯಾಟ್. ಆಂಟೆನಾ ಕಳಚಿ ಬಿದ್ದಿದೆ ಎಂದುಕೊಳ್ಳಿ. ಆ 12.5 ವ್ಯಾಟ್ ಪೂರ್ತಿಯಾಗಿ ಹಿಂದಿರುಗುತ್ತದೆ, ಇಳಿಯುವಾಗ ಮತ್ತೆ ಕಾಲು ಭಾಗಕ್ಕೆ ಕುಗ್ಗಿ ಸುಮಾರು 3 ವ್ಯಾಟ್ ಆಗುತ್ತದೆ. ಮೀಟರ್ ತೋರಿಸುವ ಎಸ್‌ಡಬ್ಲ್ಯುಆರ್ 1.7. ಆಂಟೆನಾವೇ ಇಲ್ಲದಿದ್ದರೂ ಎಲ್ಲವೂ ಸರಿಯಿದೆ ಎನ್ನಿಸುವ ಅಂಕಿ ಅದು!

ಮಳೆಗಾಲದಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಮೇಲಿನ ಕನೆಕ್ಟರ್‌ನಿಂದ ಕೇಬಲ್ ಒಳಗೆ ನೀರು ಇಳಿದರೆ ನಷ್ಟ ಏರುತ್ತದೆ, ಅದರ ಜೊತೆಗೇ ಕೆಳಗೆ ಎಸ್‌ಡಬ್ಲ್ಯುಆರ್ ಇಳಿಯಬಹುದು. ಮಲೆನಾಡು, ಕರಾವಳಿಯ ಹ್ಯಾಮ್‌ಗಳು ಮೀಟರ್ ಸುಧಾರಿಸಿತೆಂದು ಸಮಾಧಾನಪಡುವ ಮೊದಲು ಕನೆಕ್ಟರ್ ಬಿಚ್ಚಿ ನೋಡುವುದು ಒಳ್ಳೆಯದು.

ತಪ್ಪು ಕಲ್ಪನೆ 2: ಫಾರ್ವರ್ಡ್‌ನಿಂದ ರಿಫ್ಲೆಕ್ಟೆಡ್ ಕಳೆದರೆ ಉಳಿಯುವುದು ಆಂಟೆನಾಕ್ಕೆ ತಲುಪಿದ ಪವರ್.

ಸತ್ಯ: ಉಳಿಯುವುದು ಮೀಟರ್ ದಾಟಿ ಹೋದ ಪವರ್. ಅದೇ ಕೇಬಲ್‌ನ ತುದಿಯಲ್ಲಿ ಎಸ್‌ಡಬ್ಲ್ಯುಆರ್ 5 ಇರುವ ಆಂಟೆನಾ ಕಟ್ಟಿದರೆ ಕೆಳಗಿನ ಮೀಟರ್ ಬರೀ 1.4 ತೋರಿಸುತ್ತದೆ. ಫಾರ್ವರ್ಡ್ 50 ವ್ಯಾಟ್, ರಿಫ್ಲೆಕ್ಟೆಡ್ 1.4 ವ್ಯಾಟ್, ವ್ಯತ್ಯಾಸ 48.6 ವ್ಯಾಟ್. ಆಂಟೆನಾ ಪಾಲಿಗೆ ಬರುವುದು ಮಾತ್ರ ಸುಮಾರು 7 ವ್ಯಾಟ್. ಉಳಿದ 41 ವ್ಯಾಟ್‌ಗೂ ಹೆಚ್ಚು ಕೇಬಲ್ಲನ್ನು ಬೆಚ್ಚಗಾಗಿಸಿ ಮುಗಿಯುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಷ್ಟವಿರುವ ಕೇಬಲ್‌ನ ವಿಶಿಷ್ಟ ಇಂಪೀಡೆನ್ಸ್ ಸಾಮಾನ್ಯವಾಗಿ ಶುದ್ಧ ರೆಸಿಸ್ಟೆನ್ಸ್ ಆಗಿರುವುದಿಲ್ಲ, ಅದರಲ್ಲಿ ಚೂರು ರಿಯಾಕ್ಟೆನ್ಸ್ ಸೇರಿರುತ್ತದೆ. ಆಗ ಎರಡು ಅಲೆಗಳ ಪವರ್‌ಗಳನ್ನು ಬೇರೆಬೇರೆಯಾಗಿ ಎಣಿಸಿ ಕಳೆಯುವ ಲೆಕ್ಕ ಕಟ್ಟುನಿಟ್ಟಾಗಿ ಹೊಂದುವುದಿಲ್ಲ. ರೇಡಿಯೊ ತರಂಗಾಂತರಗಳಲ್ಲಿ, ಒಳ್ಳೆಯ ಕೇಬಲ್‌ಗಳಲ್ಲಿ ಈ ತಪ್ಪು ತೀರ ಸಣ್ಣದು. ಧ್ವನಿ ಸಾಗಿಸುವ ಟೆಲಿಫೋನ್ ಕೇಬಲ್‌ಗಳಲ್ಲಿ ಅದು ದೊಡ್ಡದಾಗುತ್ತದೆ.

ತಪ್ಪು ಕಲ್ಪನೆ 3: ರಿಫ್ಲೆಕ್ಟೆಡ್ ಪವರ್ ಟ್ರಾನ್ಸ್‌ಮಿಟರ್‌ಗೆ ಮರಳಿ ಅಲ್ಲೇ ಸುಟ್ಟುಹೋಗುತ್ತದೆ.

ಸತ್ಯ: ಅಮೆರಿಕದ ಹ್ಯಾಮ್ ವಾಲ್ಟರ್ ಮ್ಯಾಕ್ಸ್‌ವೆಲ್ 1973ರಿಂದ ಅಲ್ಲಿನ ಹ್ಯಾಮ್ ಪತ್ರಿಕೆ ಕ್ಯುಎಸ್‌ಟಿಯಲ್ಲಿ ಲೇಖನಮಾಲೆಯನ್ನೇ ಬರೆದು ಈ ನಂಬಿಕೆಯನ್ನು ಪ್ರಶ್ನಿಸಿದರು. ಟ್ರಾನ್ಸ್‌ಮಿಟರ್‌ಗೂ ಕೇಬಲ್‌ಗೂ ನಡುವೆ ಇಂಪೀಡೆನ್ಸ್ ಹೊಂದಿಸುವ ಟ್ಯೂನರನ್ನು ಸರಿಹೊಂದಿಸಿದಾಗ ವಾಪಸು ಬಂದ ಅಲೆ ಮತ್ತೆ ಆಂಟೆನಾದತ್ತ ತಿರುಗುತ್ತದೆ. ಆದ್ದರಿಂದಲೇ 100 ವ್ಯಾಟ್ ಟ್ರಾನ್ಸ್‌ಮಿಟರ್ ಇದ್ದು, ಎಸ್‌ಡಬ್ಲ್ಯುಆರ್ 3 ಇದ್ದರೆ, ಟ್ಯೂನರ್‌ನ ಆಚೆ ಫಾರ್ವರ್ಡ್ 133, ರಿಫ್ಲೆಕ್ಟೆಡ್ 33 ವ್ಯಾಟ್ ಕಾಣಬಹುದು. ಯಾರೂ ಹೊಸದಾಗಿ ಪವರ್ ಸೃಷ್ಟಿಸಿಲ್ಲ. ನಿವ್ವಳ 100 ವ್ಯಾಟೇ. ಟ್ರಾನ್ಸ್‌ಮಿಟರ್‌ಗೆ ಅಪಾಯ ಬರುವುದು ತನಗೆ ಒಗ್ಗದ ಇಂಪೀಡೆನ್ಸ್ ಎದುರಾದಾಗ. ಇನ್ನು ಅಲೆ ಸುಂಕ ಕಟ್ಟುವುದು ಕೇಬಲ್‌ಗೆ, ಅದೂ ಪ್ರತಿ ಓಡಾಟದಲ್ಲಿ.

ತಪ್ಪು ಕಲ್ಪನೆ 4: ಎಸ್‌ಡಬ್ಲ್ಯುಆರ್ 3 ಆಯಿತೆಂದರೆ ಸಿಗ್ನಲ್ ಮಣ್ಣುಪಾಲು.

ಸತ್ಯ: ಅದು ಕೇಬಲ್ ಮೇಲೆ ನಿಂತ ಮಾತು. 7 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಆರ್‌ಜಿ-213 ಕೇಬಲ್‌ನ ನಷ್ಟ ಸುಮಾರು ಅರ್ಧ ಡೆಸಿಬೆಲ್. ಆಂಟೆನಾದ ಎಸ್‌ಡಬ್ಲ್ಯುಆರ್ 3 ಇದ್ದರೂ ಒಟ್ಟು ನಷ್ಟ 0.8 ಡೆಸಿಬೆಲ್ ಆದೀತು. ಕೇಳುವವರ ಕಿವಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ.

ತಪ್ಪು ಕಲ್ಪನೆ 5: ಮೀಟರ್ ತೋರಿಸಿದ ವ್ಯಾಟ್ ಅಂದರೆ ಅಷ್ಟೇ ವ್ಯಾಟ್.

ಸತ್ಯ: ಹೆಸರುವಾಸಿ ಬರ್ಡ್ 43 ಮೀಟರ್‌ನ ನಿಖರತೆಯೂ ಪೂರ್ಣ ಅಳತೆಯ ಶೇ 5ರಷ್ಟು ಆಚೀಚೆ. ಅದಕ್ಕೆ 100 ವ್ಯಾಟ್‌ವರೆಗೆ ಅಳೆಯುವ ಎಲಿಮೆಂಟ್ (ಬದಲಿಸಬಹುದಾದ ಅಳತೆಯ ಬಿಲ್ಲೆ) ಹಾಕಿದರೆ 5 ವ್ಯಾಟ್ ಹೆಚ್ಚುಕಮ್ಮಿ ಆಗಬಹುದು. ಅದರಲ್ಲಿ 3 ವ್ಯಾಟ್ ರಿಫ್ಲೆಕ್ಟೆಡ್ ಓದಿ ತೀರ್ಮಾನಕ್ಕೆ ಬರುವಂತಿಲ್ಲ. ಅದಕ್ಕೆ ಕಡಿಮೆ ವ್ಯಾಟ್‌ನ ಎಲಿಮೆಂಟ್ ಬೇಕು.

ಹಾಗಾದರೆ ಏನು ಮಾಡಬೇಕು? ಮೊದಲು ಕೇಬಲ್ಲನ್ನೇ ಅಳೆಯಿರಿ. ಮೇಲಿನ ತುದಿಯಲ್ಲಿ ಆಂಟೆನಾ ಕಳಚಿ, ಕೆಳಗಿನಿಂದ ಆಂಟೆನಾ ಅನಲೈಸರ್ ಅಥವಾ ನ್ಯಾನೊ ವಿಎನ್‌ಎ ಜೋಡಿಸಿ ರಿಟರ್ನ್ ಲಾಸ್ (ಕಳಿಸಿದ್ದಕ್ಕಿಂತ ವಾಪಸು ಬಂದದ್ದು ಎಷ್ಟು ಡೆಸಿಬೆಲ್ ಕಡಿಮೆ ಎಂಬ ಅಂಕಿ) ಓದಿರಿ. ಅದರ ಅರ್ಧವೇ ಕೇಬಲ್‌ನ ಒಂದು ದಾರಿಯ ನಷ್ಟ: 12 ಡೆಸಿಬೆಲ್ ಬಂದರೆ ನಷ್ಟ 6. ಈ ಪರೀಕ್ಷೆಗೆ ಟ್ರಾನ್ಸ್‌ಮಿಟರ್ ಬಳಸಬೇಡಿ. ಕೇಬಲ್ ಚೆನ್ನಾಗಿದ್ದರೆ ಟ್ರಾನ್ಸ್‌ಮಿಟರ್‌ಗೇ ಪೆಟ್ಟು. ಆಮೇಲೆ ಆಂಟೆನಾವನ್ನು ಅದರ ಬುಡದಲ್ಲೇ ಅಳೆಯಿರಿ. ಈ ಎರಡು ಅಂಕಿ ಕೈಯಲ್ಲಿದ್ದರೆ, ಮೇಜಿನ ಮೇಲಿನ ಮೀಟರ್ ಹೇಳುವ ಮಾತಿಗೆ ಸರಿಯಾದ ಅರ್ಥ ಬರುತ್ತದೆ, ಹಣವನ್ನು ಆಂಟೆನಾಕ್ಕೆ ಹಾಕಬೇಕೋ ಕೇಬಲ್‌ಗೋ ಎಂಬುದೂ ತಿಳಿಯುತ್ತದೆ.