ಅಂಕಿ-ಅಂಶಕ್ಕೆ ಚಿತ್ರದ ಮಾತು ಕೊಟ್ಟಾಕೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿ ಮಕ್ಕಳು ಕಾಲೇಜಿನ ಹೊಸ್ತಿಲಿಗೆ ಬಂದಾಗ ನಡೆಯುವ ಚರ್ಚೆ ಒಂದೇ: ಮೆಡಿಸಿನ್ನೋ, ಕಂಪ್ಯೂಟರೋ, ಅಕೌಂಟೆನ್ಸಿಯೋ? ಮಗಳು ಡಿಸೈನ್ ಓದುತ್ತೇನೆ ಎಂದರೆ ಊರಿನಿಂದ ಅಜ್ಜಿ-ತಾತ ಫೋನಿನಲ್ಲಿ ಕೇಳುವುದು, ‘ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇನಮ್ಮ?’ ಎಂದು. ಆ ಪ್ರಶ್ನೆಗೆ ಉತ್ತರ ಹುಡುಕುವಾಗ ನಮಗೆ ನೆನಪಾಗುವುದು, ನಮ್ಮ ಹಾಗೆಯೇ ಹೊರಗಿನಿಂದ ಈ ದೇಶಕ್ಕೆ ಬಂದ ಮರೀ ನೊಯ್ರಾಟ್.

1898ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಮರೀ ಓದಿದ್ದು ಗಣಿತ, ಭೌತವಿಜ್ಞಾನ. 1925ರಲ್ಲಿ ವಿಯೆನ್ನಾದಲ್ಲಿ ಆಟೋ ನೊಯ್ರಾಟ್ ಕಟ್ಟಿದ ಸಾಮಾಜಿಕ-ಆರ್ಥಿಕ ಮ್ಯೂಸಿಯಂ ಸೇರಿದರು. ವಸತಿ, ಆರೋಗ್ಯ, ಉದ್ಯೋಗದ ಲೆಕ್ಕಗಳನ್ನು ಹೆಚ್ಚು ಓದದ ಕಾರ್ಮಿಕರಿಗೂ ಚಿತ್ರದಲ್ಲಿ ತಿಳಿಸುವುದು ಅಲ್ಲಿನ ಕೆಲಸ. ಈ ಪದ್ಧತಿಗೆ ಮುಂದೆ ‘ಐಸೋಟೈಪ್’ ಎಂಬ ಹೆಸರು ಬಂತು. ಗೆರ್ಡ್ ಆರ್ನ್ಟ್ಸ್ ಎಂಬ ಕಲಾವಿದರು ಚಿಹ್ನೆಗಳನ್ನು ರೂಪಿಸುತ್ತಿದ್ದರು. ತಜ್ಞರ ಕೋಷ್ಟಕ ಓದಿ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಹೊಣೆ ಮರೀ ಅವರದು.

ಲೆಕ್ಕಪತ್ರದವರಾದ ನಮಗೆ ಅವರ ಒಂದು ನಿಯಮ ಬಹಳ ಹಿಡಿಸುತ್ತದೆ. ಸಂಖ್ಯೆ ಎರಡು ಪಟ್ಟಾದರೆ ಚಿಹ್ನೆಯನ್ನು ಎರಡು ಪಟ್ಟು ದೊಡ್ಡದು ಮಾಡಬಾರದು. ಅದೇ ಅಳತೆಯ ಚಿಹ್ನೆಯನ್ನು ಎರಡು ಸಲ ಹಾಕಬೇಕು. ಎತ್ತರ, ಅಗಲ ಎರಡನ್ನೂ ಇಮ್ಮಡಿಸಿದರೆ ಚಿತ್ರ ಆವರಿಸುವ ಜಾಗ ನಾಲ್ಕು ಪಟ್ಟಾಗಿ, ಲೆಕ್ಕ ಸರಿಯಿದ್ದರೂ ನೋಡುವವರು ಮೋಸ ಹೋಗುತ್ತಾರೆ.

1934ರಲ್ಲಿ ರಾಜಕೀಯ ಬದಲಾದಾಗ ವಿಯೆನ್ನಾ ಬಿಟ್ಟು ಹೇಗ್ ನಗರ. 1940ರಲ್ಲಿ ನಾಜಿ ಸೇನೆ ಅಲ್ಲಿಗೂ ಬಂದಾಗ ಪುಟ್ಟ ದೋಣಿಯಲ್ಲಿ ಇಂಗ್ಲೆಂಡ್. ಇಲ್ಲಿಯೂ ಶತ್ರುದೇಶದವರೆಂದು ಕೆಲವು ತಿಂಗಳು ಬಂಧನ. ಬಿಡುಗಡೆಯ ನಂತರ 1941ರಲ್ಲಿ ಮರೀ, ಆಟೋ ಮದುವೆಯಾಗಿ ಆಕ್ಸ್‌ಫರ್ಡ್‌ನಲ್ಲಿ ಸಂಸ್ಥೆ ಕಟ್ಟಿದರು. 1945ರಲ್ಲಿ ಆಟೋ ತೀರಿಕೊಂಡರು. ಮರೀ ಕೆಲಸ ನಿಲ್ಲಿಸಲಿಲ್ಲ.

1950ರ ದಶಕದಲ್ಲಿ ಪಶ್ಚಿಮ ನೈಜೀರಿಯಾ ಸರ್ಕಾರಕ್ಕಾಗಿ ಶಿಕ್ಷಣ, ಆರೋಗ್ಯ ಯೋಜನೆಗಳನ್ನು ಜನರಿಗೆ ವಿವರಿಸುವ ಪುಸ್ತಿಕೆಗಳನ್ನು ಮಾಡಿದರು. ಯುರೋಪಿನ ಚಿಹ್ನೆಗಳನ್ನೇ ಅಲ್ಲಿಗೆ ಹೊರಿಸದೆ, ಆ ಊರಿನ ಮನೆ, ಉಡುಪು, ಬದುಕು ನೋಡಿ ಚಿತ್ರಗಳನ್ನು ಬದಲಿಸಿದರು. ನಿವೃತ್ತಿಯ ವೇಳೆಗೆ ತಮ್ಮ ಸಂಗ್ರಹವನ್ನೆಲ್ಲ ರೆಡ್ಡಿಂಗ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 1986ರಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಇಂದು ಈ ಕೆಲಸಕ್ಕೆ ‘ಡೇಟಾ ವಿಷುವಲೈಸೇಷನ್’ ಎಂಬ ಹೆಸರಿದೆ. ಬ್ರಿಟನ್ನಿನ ರಾಷ್ಟ್ರೀಯ ಅಂಕಿ-ಅಂಶ ಕಚೇರಿ, ಬಡತನದ ಬಗ್ಗೆ ಸಂಶೋಧನೆ ನಡೆಸುವ ಯಾರ್ಕ್‌ನ ಜೋಸೆಫ್ ರೌಂಟ್ರಿ ಫೌಂಡೇಷನ್, ವಾಷಿಂಗ್ಟನ್ನಿನ ಅರ್ಬನ್ ಇನ್‌ಸ್ಟಿಟ್ಯೂಟ್ ತಮ್ಮ ವರದಿಗಳನ್ನು ನಕ್ಷೆ, ಚಾರ್ಟುಗಳೊಂದಿಗೇ ಹೊರತರುತ್ತವೆ. ನೂರು ಪುಟದ ವರದಿ ಓದಲು ಮಂತ್ರಿಗಳಿಗೆ ಪುರುಸೊತ್ತಿರುವುದಿಲ್ಲ. ಒಂದು ಒಳ್ಳೆಯ ಚಾರ್ಟ್ ನೋಡಲು ಇರುತ್ತದೆ. ಬಡವರ ಮನೆ ಬಾಡಿಗೆಯೋ ಮಕ್ಕಳ ಊಟವೋ ಅವರ ಕಣ್ಣಿಗೆ ಬೀಳುವುದು ಹಾಗೆ.

ಆದ್ದರಿಂದ ಮಕ್ಕಳು ಈ ದಾರಿ ಕೇಳಿದರೆ ಬೇಡ ಎನ್ನುವ ಮುನ್ನ ಯೋಚಿಸೋಣ. ಡಿಸೈನ್ ಜೊತೆಗೆ ಸಂಖ್ಯಾಶಾಸ್ತ್ರ ಓದಲಿ, ‘ಆರ್’ನಂಥ ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿಯಲಿ. ಚಿತ್ರಕಲೆ ಬಲ್ಲವರು ಸಿಗುತ್ತಾರೆ, ಲೆಕ್ಕ ಬಲ್ಲವರೂ ಸಿಗುತ್ತಾರೆ. ಎರಡನ್ನೂ ಬಲ್ಲವರು ಕಡಿಮೆ. ಊರಿನ ಹಿರಿಯರಿಗೆ ನಾವು ಹೇಳಬಹುದಾದ ಉತ್ತರ ಅದೇ.