ಪಂಜರದ ಮೃಗಗಳೂ ಹವ್ಯಾಸಿಯ ಕ್ಯಾಮೆರಾವೂ

ರಾಯಚೂರು, ದೇವದುರ್ಗ, ಮಾನ್ವಿಗಳ ಹವ್ಯಾಸಿ ಛಾಯಾಗ್ರಾಹಕರು ಹುಲಿಯ ಚಿತ್ರವನ್ನು ಬಯಸಿದರೆ, 1963ರಲ್ಲಿ ತೆರೆದ ಹೈದರಾಬಾದಿನ ನೆಹರೂ ಮೃಗಾಲಯಕ್ಕೋ 1892ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯಕ್ಕೋ ಹೋಗುವುದುಂಟು. ಅಲ್ಲಿ ಮೊದಲ ವಿಘ್ನವೆಂದರೆ ತಂತಿಯ ಬಲೆ. ಕಟಕಟೆಯನ್ನು ದಾಟದೆ, ಮಸೂರವನ್ನು ಬಲೆಗೆ ಸಾಧ್ಯವಾದಷ್ಟು ಸಮೀಪ ಹಿಡಿದು, ಅದರ ರಂಧ್ರವನ್ನು ಪೂರ್ತಿಯಾಗಿ ತೆರೆದು, ಮೃಗವು ಬಲೆಯಿಂದ ದೂರ ಸರಿಯುವವರೆಗೆ ನಾವು ಕಾದಿರಬೇಕು. ಆಗ ತಂತಿಯು ಚಿತ್ರದಲ್ಲಿ ಮಂಜಿನಂತೆ ಕರಗಿಹೋಗುತ್ತದೆ. ಬಿಸಿಲು ಬಿದ್ದ ತಂತಿ ಮಾತ್ರ ಬಿಳಿಯ ಮುಸುಕಾಗಿ ನಿಲ್ಲುತ್ತದೆ. ನೆರಳಿನ ಭಾಗವೇ ಲೇಸು. ಮಂಗನನ್ನು ಕೆಣಕಿ ಹಲ್ಲು ಕಿರಿಸುವವರ ಮಾತು ಇಲ್ಲಿ ಬೇಡ.

ಹೀಗೆ ತಂತಿ ಮರೆಯಾದ ಚಿತ್ರವು ಕಾಡಿನಲ್ಲಿ ತೆಗೆದುದೆಂದೇ ತೋರುತ್ತದೆ, ತೊಡಕಿರುವುದೂ ಇಲ್ಲಿಯೇ. ಕಾಡಿನಲ್ಲಿ ದಿನಗಟ್ಟಲೆ ಕಾದವನ ಚಿತ್ರದೊಡನೆ ಇದನ್ನು ತೂಗುವುದು ನ್ಯಾಯವಲ್ಲ. ಅಡಿಯಲ್ಲಿ ಮೃಗಾಲಯದ ಹೆಸರನ್ನು ನಾವೇ ಬರೆದುಬಿಡೋಣ. ಫಿಯಾಪ್ ಎಂಬ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟದ ನಿಯಮದಂತೆಯೂ ಮೃಗಾಲಯದ ಪ್ರಾಣಿಯ ಚಿತ್ರವು ‘ವನ್ಯಜೀವಿ’ ವಿಭಾಗಕ್ಕೆ ಸಲ್ಲದು.