ಚಿಕ್ಕಮ್ಮನ ಮಿಡಿ ಉಪ್ಪಿನಕಾಯಿಗೆ ಹದಿನಾಲ್ಕು ಅಂಕೆ

ಡೊಂಬಿವಲಿಯ ನಮ್ಮ ಚಿಕ್ಕಮ್ಮ ಮಾವಿನ ಮಿಡಿ ಉಪ್ಪಿನಕಾಯಿ ಹಾಕುವುದರಲ್ಲಿ ಎತ್ತಿದ ಕೈ. 2020ರ ಲಾಕ್‌ಡೌನಿನಲ್ಲಿ ಚಿಕ್ಕಪ್ಪ ದುಡಿಯುತ್ತಿದ್ದ ಆಫೀಸ್ ಕ್ಯಾಂಟೀನ್ ಮುಚ್ಚಿದಾಗ ಆ ಕೈಯೇ ಮನೆ ನಡೆಸಿತು. ಉಪ್ಪಿನಕಾಯಿ, ಸಾರಿನ ಪುಡಿ, ಹಲಸಿನ ಹಪ್ಪಳ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜು ಹಾಕಿದರೆ ಸಾಕು, ಮುಲುಂಡ್‌ನಿಂದ ಮೀರಾರೋಡಿನ ತನಕ ಆರ್ಡರು.

2021ರ ಜುಲೈಯಲ್ಲಿ ಅದೇ ಗುಂಪಿನಲ್ಲಿ ಒಂದು ಫೋಟೊ ಬಂತು. ಬಾಟಲಿಯ ಬಾಯಿಯಲ್ಲಿ ಬಿಳಿ ಬೂಷ್ಟು. ಕಳಿಸಿದವರು ಬೈದಿರಲಿಲ್ಲ. "ಮನೆಯಲ್ಲಿ ಸಣ್ಣ ಮಗು ಉಂಟು, ನೋಡಿಕೊಳ್ಳಿ" ಎಂದಷ್ಟೇ ಬರೆದಿದ್ದರು. ಬೈದಿದ್ದರೇ ವಾಸಿಯಿತ್ತು. ಚಿಕ್ಕಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾನು ಹೋಗಿ ಕೇಳಿದೆ, "ಇದು ಯಾವ ಸಲ ಹಾಕಿದ್ದು?" ಅವರಿಗೆ ಗೊತ್ತಿಲ್ಲ. ಆ ವರ್ಷ ಮೂರು ಸಲ ಹಾಕಿದ್ದರು, ಎಲ್ಲವೂ ಒಂದೇ ಥರದ ಬಾಟಲಿ. ಬಹುಶಃ ಮಳೆಗಾಲದಲ್ಲಿ ತೊಳೆದ ಬಾಟಲಿ ಸರಿಯಾಗಿ ಒಣಗಿರಲಿಲ್ಲ. ಹಾಗಾದರೆ ಯಾವ ಬಾಟಲಿಗಳು? ಕೊನೆಗೆ ನಲವತ್ತನ್ನೂ ವಾಪಸು ತರಿಸಿ ಎಲ್ಲರಿಗೂ ದುಡ್ಡು ಕೊಟ್ಟೆವು. ನನ್ನ ಕೆಲಸದಲ್ಲಿ ಪ್ರತಿಯೊಂದು ಬಿಲ್ಡಿಗೂ ನಂಬರು ಇರುತ್ತದೆ, ತೊಂದರೆಯಾದರೆ ಅದೊಂದನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಪೊಟ್ಟಣದ ಮೇಲಿನ ಬ್ಯಾಚ್ ನಂಬರು ಸರಕಾರದ ಕಿರಿಕಿರಿ ಎಂದು ತಿಳಿದಿದ್ದ ನನಗೆ ಅದರ ಬೆಲೆ ತಿಳಿದದ್ದು ಅವತ್ತು.

ಆಮೇಲೆ ನೋಂದಣಿಯ ವಿಚಾರಕ್ಕೆ ಕೈಹಾಕಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್ 5ರಿಂದ ಪೂರ್ತಿಯಾಗಿ ಜಾರಿಗೆ ಬಂತು, ಅದರೊಂದಿಗೆ 1954ರ ಹಳೆಯ ಕಲಬೆರಕೆ ತಡೆ ಕಾಯ್ದೆ ಹೋಯಿತು. ಹೊಸ ಕಾಯ್ದೆ ಮನೆಯಲ್ಲಿ ಮಾಡಿ ಮಾರುವವರನ್ನೂ ಬಿಡುವುದಿಲ್ಲ. ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರವಿದ್ದರೆ ಲೈಸೆನ್ಸ್ ಬೇಡ, ನೋಂದಣಿ ಸಾಕು ಎಂಬುದು ನಾನು ಅರ್ಜಿ ತುಂಬುವಾಗಿನ ನಿಯಮ. ಶುಲ್ಕ ವರ್ಷಕ್ಕೆ 100 ರೂಪಾಯಿ. ಒಂದು ಫೋಟೊ, ಒಂದು ಗುರುತಿನ ಚೀಟಿ, ಆನ್‌ಲೈನ್ ಫಾರಂ. ಇಷ್ಟಕ್ಕೇ ಏಜೆಂಟರು ಸಾವಿರಗಟ್ಟಲೆ ಕೇಳುತ್ತಾರೆ, ಕೊಡಬೇಡಿ.

ಸ್ವಚ್ಛತೆಯ ನಿಯಮ ಓದಿ ಹೇಳುವಾಗ ಗಲಾಟೆ ಶುರುವಾಯಿತು. ತಲೆಗೆ ಬಟ್ಟೆ ಕಟ್ಟಬೇಕು, ಉಗುರು ಕತ್ತರಿಸಿರಬೇಕು, ಅಡುಗೆ ಮಾಡುವಾಗ ಬಳೆ ಉಂಗುರ ಹಾಕಬಾರದು.

"ಎಂತದು ಮಾರಾಯ, ಬಳೆ ತೆಗೆಯುವುದಾ? ನಾನು ಮಡಿಯಲ್ಲೇ ಹಾಕುವುದಲ್ಲವಾ ಉಪ್ಪಿನಕಾಯಿ!"

ಮಡಿಗೂ ಬೂಷ್ಟಿಗೂ ಸಂಬಂಧವಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಚಿಕ್ಕಪ್ಪನೇ ಹೇಳಿದರು.

ಇನ್ನೊಂದು ಪೇಚು ಲೇಬಲಿನದು. ನಾನು ಉತ್ಸಾಹದಿಂದ ಚಂದದ ಕನ್ನಡ ಲೇಬಲ್ ಮಾಡಿಸಿದ್ದೆ. ನಿಯಮದ ಪ್ರಕಾರ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು, ಕನ್ನಡ ಅದರ ಜೊತೆಗೆ ಇರಬಹುದು ಅಷ್ಟೆ. ಹಿಂದಿ ಬರದ, ಇಂಗ್ಲಿಷ್ ಓದದ ಅಜ್ಜಿಗೆ ಕನ್ನಡದಲ್ಲಿ ಬರೆದು ಮಾರಿದರೆ ತಪ್ಪು! ಈ ನಿಯಮ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಕೊಳ್ಳುವವರೂ ಒಂದು ಮಾತು ತಿಳಿದಿರಬೇಕು. ಆ ಹದಿನಾಲ್ಕು ಅಂಕೆ ಇದೆ ಎಂದರೆ ಸರಕಾರ ಆ ತಿಂಡಿಯನ್ನು ಪರೀಕ್ಷಿಸಿದೆ ಎಂದಲ್ಲ. ಮಾಡಿದವರು ಯಾರು, ಎಲ್ಲಿ ಎಂದು ಹುಡುಕಬಹುದು ಎಂದಷ್ಟೆ. ಮೊದಲ ಅಂಕೆ 1 ಆದರೆ ಲೈಸೆನ್ಸ್, 2 ಆದರೆ ನೋಂದಣಿ. ಮುಂದಿನ ಎರಡು ಅಂಕೆ ರಾಜ್ಯದ್ದು, ಮಹಾರಾಷ್ಟ್ರಕ್ಕೆ 15, ಕರ್ನಾಟಕಕ್ಕೆ 12. ಅದರ ನಂತರ ವರ್ಷ. ಹಾಗಾಗಿ ಚಿಕ್ಕಮ್ಮನದು 21521 ಎಂದು ಶುರು. 2022ರ ಜನವರಿಯಿಂದ ಹೋಟೆಲ್ ಬಿಲ್ಲಿನಲ್ಲೂ ಈ ನಂಬರು ಇರಬೇಕು. ಮುಂದಿನ ಸಲ ಮಾಟುಂಗದಲ್ಲಿ ಕಾಫಿ ಕುಡಿದಾಗ ನೋಡಿ.

ಸಂಶಯವಿದ್ದರೆ ಗಿರಾಕಿಯೇ ದುಡ್ಡು ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಾಯ್ದೆಯ 40ನೇ ಸೆಕ್ಷನ್ ಆ ಹಕ್ಕು ಕೊಡುತ್ತದೆ. ಆಹಾರ ಕೆಟ್ಟದ್ದೆಂದು ವರದಿ ಬಂದರೆ ಶುಲ್ಕವೂ ವಾಪಸು. ಆದರೆ ಕೊಳ್ಳುವಾಗಲೇ "ಇದನ್ನು ಪರೀಕ್ಷೆಗೆ ಒಯ್ಯುತ್ತೇನೆ" ಎಂದು ಅಂಗಡಿಯವನಿಗೆ ಹೇಳಬೇಕಂತೆ. ದಾದರಿನ ಸಂಜೆಯ ನೂಕುನುಗ್ಗಲಲ್ಲಿ ಹೇಳಿ ನೋಡಿ, ಹೇಗಿರುತ್ತದೆ!

ದೊಡ್ಡವರ ಕತೆ ಬೇರೆ. 2015ರ ಜೂನ್ 5ರಂದು ಆಹಾರ ಪ್ರಾಧಿಕಾರ ಮ್ಯಾಗಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಆದೇಶಿಸಿತು. ಸೀಸ ಮಿತಿ ಮೀರಿದೆ ಎಂಬ ಆರೋಪ. ನೆಸ್ಲೆ ನಮ್ಮ ಬಾಂಬೆ ಹೈಕೋರ್ಟಿಗೆ ಹೋಯಿತು. ಕಂಪನಿಯ ಮಾತನ್ನು ಸರಿಯಾಗಿ ಕೇಳಿಲ್ಲ, ಪರೀಕ್ಷಿಸಿದ ಲ್ಯಾಬುಗಳಿಗೆ ಬೇಕಾದ ಮಾನ್ಯತೆ ಇಲ್ಲ ಎಂದು ಆಗಸ್ಟ್ 13ರಂದು ಕೋರ್ಟು ಆದೇಶ ರದ್ದುಮಾಡಿ, ಮೂರು ಲ್ಯಾಬುಗಳಲ್ಲಿ ಮರುಪರೀಕ್ಷೆಗೆ ಹೇಳಿತು. ಸೀಸ ಮಿತಿಯೊಳಗಿತ್ತು, ನವೆಂಬರಿನಲ್ಲಿ ಮ್ಯಾಗಿ ಮತ್ತೆ ಅಂಗಡಿಗೆ ಬಂತು. ಆ ತೀರ್ಪು ನ್ಯಾಯವೇ. ಆದರೆ ಅದೇ ಥರ ಅರೆಬರೆ ವರದಿ ಚಿಕ್ಕಮ್ಮನ ಮೇಲೆ ಬಂದರೆ ಅವರಿಗೆ ವಕೀಲರೆಲ್ಲಿ? ಅವರ ಹೆಸರು ಹಾಳಾಗಲು ಸಂಘದ ಗುಂಪಿನ ಒಂದು ಫೋಟೊ ಸಾಕಾಗಿತ್ತು.

ಆ ಬಾಟಲಿ ಕಳಿಸಿದ ಮುಲುಂಡಿನ ಮನೆಯವರು ಈಗಲೂ ಗಿರಾಕಿಗಳು. ಚಿಕ್ಕಮ್ಮ ಈಗ ಬಾಟಲಿ ಕುದಿಸಿ, ಒಣಗಿಸಿ, ಮೆಣಸು ಅರೆಯುವ ಮುಂಚೆ ಬಳೆ ತೆಗೆದು ದೇವರ ಕೋಣೆಯಲ್ಲಿ ಇಡುತ್ತಾರೆ. ಇಂಗ್ಲಿಷ್ ಲೇಬಲ್ ನಾನು ಪ್ರಿಂಟ್ ಮಾಡಿಕೊಡುತ್ತೇನೆ. ಬ್ಯಾಚ್ ನಂಬರು ಮಾತ್ರ ಅವರದೇ ಲೆಕ್ಕ, ಮಾರ್ಕರ್ ಪೆನ್ನಿನಲ್ಲಿ ಬಾಟಲಿಯ ಹಿಂದೆ ಬರೆಯುತ್ತಾರೆ. ಮೊನ್ನೆ ನನಗೆ ಕೊಟ್ಟದ್ದರಲ್ಲಿ "ಯುಗಾದಿ 2" ಎಂದಿತ್ತು.